ಜಾನ್ ಬೀಯವರನ್ನು ಹೆಂಗಸರ ವಾರ್ಡಿಗೆ ಬಿಡದಿರುವ ವಿಷಯ

೧. ಅರ್ಜಿದಾರ: ಚಲುವನಾರಾಯಣ, ತಾಲ್ಲೂಕು ಕಚೇರಿಯ ನಿವೃತ್ತ ನಕಲು ಗುಮಾಸ್ತ, ವಾಸ ಮದ್ದೂರು.
೨. ರೋಗಿ: ಅರ್ಜಿದಾರನ ಪತ್ನಿ ಪಂಕಜಮ್ಮ. ಹೃದಯದ ಸುತ್ತಣ ಚೀಲದಲ್ಲಿ ಕಟ್ಟಿದ್ದ ಕೀವನ್ನು ಮೈಸೂರಿನಲ್ಲಿ ಎದೆ ಕೊಯ್ದು ತೆಗೆಸಿ, ಶ್ವಾಸಕೋಶದ ಚೇತರಿಕೆಗಾಗಿ ಮಂಡ್ಯದ ತಮ್ಮ ಆಸ್ಪತ್ರೆಯಲ್ಲಿ ಇರಿಸಲ್ಪಟ್ಟವಳು.
೩. ತಡೆಯಲ್ಪಟ್ಟವರು: ಜಾನ್ ಬೀ, ನಮ್ಮ ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಗಫಾರನ ಹೆಂಡತಿ.
೪. ತಡೆದವರು: ತಾವು.

ಆಸ್ಪತ್ರೆಯ ಮಾನ್ಯ ಮೇಲಧಿಕಾರಿಗಳೇ,

ಒಬ್ಬ ರೋಗಿಗೆ ಒಬ್ಬರೇ ಭೇಟಿಗಾರರು, ಅವರ ಹೆಸರು ಚೀಟಿಯಲ್ಲಿ ಇರತಕ್ಕದ್ದು ಎಂದು ತಾವು ಕಳೆದ ವಾರ ಹೊರಡಿಸಿದ ಆಜ್ಞೆಯಿಂದ ನನ್ನ ಹೆಂಡತಿಯ ಉಸಿರು ದಿನೇ ದಿನೇ ಕುಗ್ಗುತ್ತಿದೆ. ತಮ್ಮ ಮೇಜಿನ ಮೇಲೆ ಅರ್ಜಿಗಳು ಎಷ್ಟು ಸುಖವಾಗಿ ನಿದ್ರಿಸುತ್ತವೆಂಬುದು ನಕಲು ಗುಮಾಸ್ತನಿಗೆ ತಿಳಿಯದ ಸಂಗತಿಯಲ್ಲವಾದ್ದರಿಂದ ಇದರ ಪ್ರತಿಯನ್ನು ಪತ್ರಿಕೆಗೂ ಕೊಟ್ಟಿದ್ದೇನೆ.

ನೀರು ತುಂಬಿದ ಸೀಸೆಗೆ ನಳಿಕೆಯಿಟ್ಟು ನಿತ್ಯವೂ ಊದಬೇಕು, ಊದದಿದ್ದರೆ ಕಫ ಕಟ್ಟಿ ಜ್ವರ ಮರಳುವುದು ಎಂದವರು ತಮ್ಮ ವೈದ್ಯರೇ. ಸೀಸೆ ಎಲ್ಲಿ ಎಂದು ಕೇಳಿದರೆ ಯುದ್ಧಕಾಲ ಎಂದರು. ಜರ್ಮನಿ ಜಪಾನುಗಳು ಮದ್ದೂರಿನ ಹೆಂಗಸಿನ ಸೀಸೆಗೂ ಅಡ್ಡ ಬಂದಿವೆಯೆಂದು ನಾನು ನಂಬಿದೆ. ಸರ್ಕಾರದ ಮಾತನ್ನು ನಂಬುವುದು ನನ್ನ ಹಳೆಯ ಅಭ್ಯಾಸ. ಆಗ ನಾನೇ ಮುಂದಾದೆ. ದಿನವೂ ಪ್ರಾಣಾಯಾಮ ಮಾಡುವವನಿಗೆ ಉಸಿರಿನ ವಿಷಯವನ್ನು ಇನ್ನೊಬ್ಬರು ಹೇಳಬೇಕೆ? ಹಾಸಿಗೆಯ ಪಕ್ಕ ನೆಟ್ಟಗೆ ಕುಳಿತು ಪೂರಕ, ಕುಂಭಕ, ರೇಚಕಗಳ ಲಕ್ಷಣಗಳನ್ನು ವಿಸ್ತಾರವಾಗಿ ನಿರೂಪಿಸಿದೆ. ಆಕೆ ಗೋಡೆಯ ಕಡೆಗೆ ತಿರುಗಿದಳು.

ಜಾನ್ ಬೀ ಬಂದದ್ದು ಪರಂಗಿ ಎಲೆಯ ದಂಟು ಮತ್ತು ಒಂದು ಬಟ್ಟಲು ಅಂಟುವಾಳದ ನೊರೆನೀರಿನೊಂದಿಗೆ.

"ಊದು ಕಣಮ್ಮ ಪಂಕಜಮ್ಮ. ಅಸಿ ಸೌದೆ ಊದಿ ಊದಿ ಬೀದಿಗೆಲ್ಲ ಒಗೆ ಎಬ್ಬುಸ್ತಿದ್ದೋಳು, ಒಂದು ಗುಳ್ಳೆ ಎಬ್ಸಾಕಾಗಕಿಲ್ವಾ?"

"ನೋಯುತ್ತೆ ಕಣೇ."

"ನೋವಾದ್ರೆ ನನ್ನ ಬಯ್ಯಿ. ಬಯ್ಯಾಕೂ ಉಸ್ರು ಬೇಕಲ್ಲ, ಅದ್ಕಾದ್ರೂ ಎಳ್ಕೊ."

ಗುಳ್ಳೆ ಎದ್ದಿತು. ತೇಲಿ ಬಂದು ನನ್ನ ರುಮಾಲಿನ ಮೇಲೆ ಕುಳಿತಿತು. "ನೋಡಮ್ಮ, ಅಯ್ನೋರ್ಗೆ ಕಿರೀಟ ಇಟ್ಬುಟ್ಟೆ!" ಎಂದರು ಜಾನ್ ಬೀ. ಹೊಲಿಗೆಯ ಮೇಲೆ ದಿಂಬನ್ನು ಒತ್ತಿ ಹಿಡಿದು ನನ್ನ ಹೆಂಡತಿ ನಕ್ಕಳು, ನಗುತ್ತ ಕೆಮ್ಮಿದಳು, ಕಫ ಹೊರಬಂದಿತು. ಮಾನ್ಯರೇ, ಆ ನಗುವನ್ನು ಮದುವೆಯಾದ ಲಾಗಾಯ್ತಿನಿಂದ ನಾನು ಕೇಳಿರಲಿಲ್ಲ. ಅದನ್ನು ಇಷ್ಟು ವರ್ಷ ಎಲ್ಲಿ ಇಟ್ಟಿದ್ದಳು? ಕಲಾಯಿಯವನ ಹೆಂಡತಿಗೆ ಸಿಕ್ಕಿದ್ದು ನನಗೇಕೆ ಸಿಗಲಿಲ್ಲ? ಮರುದಿನ ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳಿ ಮೆಚ್ಚಿ ತಲೆದೂಗಿದರು. ಆ ತಲೆದೂಗುವಿಕೆ ನ್ಯಾಯವಾಗಿ ನನ್ನ ರೇಚಕಕ್ಕೆ ಸಲ್ಲತಕ್ಕದ್ದಾಗಿತ್ತು.

ಆದಕಾರಣ ತಮ್ಮ ಆಜ್ಞೆ ಬಂದ ದಿನ ನಾನು ಹಿಗ್ಗಿದೆನೆಂಬುದನ್ನು ಮುಚ್ಚಿಡಲಾರೆ. ಗೇಟಿನ ಜವಾನ "ನೀನ್ಯಾವ ನೆಂಟ್ರಮ್ಮ?" ಎಂದು ಆಕೆಯನ್ನು ತಡೆದಾಗ ನಾನು ಚೀಟಿಯನ್ನು ಮುಂದೆ ಹಿಡಿದು, ಉತ್ತರೀಯ ಸರಿಪಡಿಸಿಕೊಂಡು ಒಳಗೆ ನಡೆದೆ. ಅದೇ ದಂಟು, ಅದೇ ನೊರೆ. ನಾನು ಹಿಡಿದೆ. ಪಂಕಜಮ್ಮ ಊದಲಿಲ್ಲ.

"ನೀವು ಎದುರಿಗೆ ಕೂತರೆ ಪರೀಕ್ಷೆಗೆ ಕೂತ ಹಾಗಾಗುತ್ತೆ. ಉಸಿರು ಒಳಗೇ ನಿಂತುಬಿಡುತ್ತೆ. ಜಾನ್ ಬೀ ಯಾಕೆ ಬರಲಿಲ್ಲ?"

ನಿನ್ನೆ ಸಾಯಂಕಾಲ ಜ್ವರ ಮರಳಿತು.

ಗಂಡನೆಂಬ ಅರ್ಹತೆಯನ್ನು ಕಂಡು ಕಫ ಕರಗುವುದೆ? ತಾಳಿ ಕಟ್ಟಿದ ಕೈ ಹಿಡಿದ ಮಾತ್ರಕ್ಕೆ ದಂಟಿನೊಳಗೆ ಗಾಳಿ ತಾನಾಗಿ ಓಡುವುದೆ? ಭೇಟಿಗಾರರನ್ನು ಗೊತ್ತುಪಡಿಸುವಾಗ ತಾವು ರೋಗಿಯನ್ನು ಒಂದು ಮಾತು ಕೇಳಿದಿರಾ? ಎರಡು ಚೀಟಿಗೆ ಅವಕಾಶವಿಲ್ಲವೆಂದು ತಮ್ಮ ಕಚೇರಿ ಈಗಾಗಲೇ ಹೇಳಿಯಾಗಿದೆ. ಹಾಗಾದರೆ ಇರುವ ಒಂದರಲ್ಲಿ ನನ್ನ ಹೆಸರನ್ನು ಹೊಡೆದು ಜಾನ್ ಬೀಯವರ ಹೆಸರನ್ನು ಬರೆದು, ನಾಳೆ ಬೆಳಿಗ್ಗೆಯೇ ಅವರನ್ನು ಒಳಗೆ ಬಿಡತಕ್ಕದ್ದು. ಇದನ್ನು ಔದಾರ್ಯವೆಂದು ಯಾರೂ ಹೊಗಳಬೇಕಾಗಿಲ್ಲ, ಹೊಟ್ಟೆಯುರಿಯಿಂದಲೇ ಬರೆದಿದ್ದೇನೆ. ಕಾಂಪೌಂಡಿನ ಹೊರಗೆ, ಹೆಂಗಸರ ವಾರ್ಡಿನ ಕಿಟಕಿಯ ನೇರಕ್ಕೆ ನಾನು ಕುಳಿತಿರುತ್ತೇನೆ. ಒಳಗಿನ ನಗು ಅಲ್ಲಿಯವರೆಗೆ ಕೇಳಿಸಿದರೆ, ಅದಕ್ಕೂ ಚೀಟಿ ಬೇಕೆಂದು ಜವಾನನನ್ನು ಕಳುಹಿಸಬಾರದೆಂದು ಕೋರುತ್ತೇನೆ.

ಇಂತಿ,
ಹೊರಗಿದ್ದರೇ ಉಪಯೋಗವಾಗುವ ಗಂಡ,
ಚಲುವನಾರಾಯಣ

ಲಗತ್ತು: ನನ್ನ ಹೆಸರಿನ ಭೇಟಿ ಚೀಟಿ, ಒಂದು. ಹಿಂದಿರುಗಿಸಬೇಕಾಗಿಲ್ಲ.