ಯಾರೂ ಕಳಿಸದ ವಿಸಾ

ಬೋಳಾರ, ಮಂಗಳೂರು
೯ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಉಪ್ಪನಿಗೆ, ನಿಮ್ಮ ಮಗ ಹಿಶಾಮನ ಸಲಾಂ.

ಉಮ್ಮ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ, ಆದರೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅಲ್ಲಿ ದಮ್ಮಾಮಿನಲ್ಲಿ ಸೆಕೆ ಇಳಿಯಿತೇ? ನಿಮ್ಮ ಮೊಣಕಾಲು ಹೇಗಿದೆ?

ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ. ನಿಮ್ಮ ವಾಯ್ಸ್ ಮೆಸೇಜ್ ಬಂದು ಇವತ್ತಿಗೆ ಹನ್ನೊಂದು ದಿನ. "ಮಗಾ, ನಾನು ಇಲ್ಲಿಯ ವಿಸಾ ಕ್ಯಾನ್ಸಲ್ ಮಾಡಿಕೊಂಡು ಬರ್ತಾ ಇದ್ದೇನೆ. ಇನ್ನು ವಾಪಸ್ ಇಲ್ಲ. ಅಕ್ಟೋಬರ್ ಹನ್ನೆರಡಕ್ಕೆ ಫ್ಲೈಟ್. ನಾನು ಬಂದ ಮೇಲೆ ನೀನು ಹೋಗ್ಲಿಕ್ಕೆ ಆಗ್ತದಾ ನೋಡು" ಎಂದು ಹೇಳಿದ್ದಿರಿ. ಅಕ್ಟೋಬರ್ ನಾಲ್ಕನೇ ತಾರೀಖಿನೊಳಗೆ ಮಲೇಷ್ಯಾ ತಲುಪಲೇಬೇಕು, ವಿಸಾದ ನಿಯಮ ಹಾಗೆ ಎಂದು ನಾನು ಟೈಪ್ ಮಾಡಿ ಕಳಿಸಿದೆ. ನೀವು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದಿರಿ.

ಫೋನಿನಲ್ಲಿ ಮಾತಾಡೋಣವೆಂದರೆ ಉಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಮೆಸೇಜ್ ಬರೆದರೆ ಅಳಿಸಿಬಿಡುತ್ತೇನೆ, ನಾಲ್ಕು ಸಲ ಅಳಿಸಿದ್ದೇನೆ. ಗುರುವಾರ ಬಶೀರಾಕ ರಜೆ ಮುಗಿಸಿ ನಿಮ್ಮ ಕ್ಯಾಂಪಿಗೆ ವಾಪಸ್ ಬರುತ್ತಿದ್ದಾರಲ್ಲ, ಅವರ ಕೈಯಲ್ಲಿ ಒಂದು ಕಾಗದ ಕೊಡಲೇ ಎಂದು ಕೇಳಿದೆ. "ಕಾಗದ ಆದ್ರೆ ಕೊಡು. ಹಲ್ವದ ಹೆಸರು ತೆಗೀಬೇಡ. ಬ್ಯಾಗ್ ಈಗಲೇ ಮೂವತ್ತೆರಡು ಕಿಲೋ ಉಂಟು" ಎಂದರು. ಒಮ್ಮೆ ಅವರ ಕೈಗೆ ಹೋದ ಮೇಲೆ ನನಗೆ ಅಳಿಸಲು ಆಗುವುದಿಲ್ಲ.

ಇಲ್ಲಿ ಆದ ಒಂದು ಗಲಾಟೆ ನಿಮ್ಮ ಕಿವಿಗೂ ಬಿದ್ದಿರಬೇಕು. ನನ್ನ ಬಾಯಿಂದಲೂ ಕೇಳಿ.

ವಿಸಾ ಬಂದ ದಿನ ಉಮ್ಮ ಖುಷಿಯಲ್ಲಿ ಅಕ್ಕಪಕ್ಕದಲ್ಲಿ ಹೇಳಿದರು. ಎಲ್ಲರೂ ಕೇಳಿದ್ದು ಒಂದೇ ಮಾತು: ವಿಸಾ ಯಾರು ಕಳಿಸಿದ್ದು? ನಮ್ಮಲ್ಲಿ ವಿಸಾ ಎಂದರೆ ಮಾವನೋ ಭಾವನೋ ಕಳಿಸುವಂಥದ್ದು. ನಿಮಗೆ ದೊಡ್ಡಪ್ಪ ಕಳಿಸಿದ್ದು, ಬಶೀರಾಕನಿಗೆ ನೀವು ಕಳಿಸಿದ್ದು. ಮಗ ಮನೆಯಲ್ಲಿ ಕೂತು ಡೆನ್ಮಾರ್ಕಿನ ಕಂಪನಿಗೆ ವಿಡಿಯೋ ಎಡಿಟ್ ಮಾಡುತ್ತಾನೆ, ಆ ಕೆಲಸ ಇಟ್ಟುಕೊಂಡೇ ಮಲೇಷ್ಯಾದಲ್ಲಿ ಒಂದು ವರ್ಷ ಇರಲು ಅಲ್ಲಿನ ಸರ್ಕಾರ ಒಪ್ಪಿದೆ ಎಂದು ಅವರಿಗೆ ವಿವರಿಸಲು ಆಗಲಿಲ್ಲ. "ಅವನ ಉಪ್ಪನ ಹತ್ತಿರ ಹೋಗುವುದು, ದಮ್ಮಾಮಿಗೆ" ಎಂದುಬಿಟ್ಟರು.

ಮತ್ತೆ ಕೇಳಬೇಕೇ? ಎರಡೇ ದಿನದಲ್ಲಿ ಪಾರ್ಸೆಲ್ ಶುರುವಾಯಿತು. ಅಂಗಡಿಯ ಅಹ್ಮದ್ ಬಾವ ಅಲ್ಲಿರುವ ಮಗನಿಗೆಂದು ಬೆನ್ನುನೋವಿನ ಎಣ್ಣೆ ಕೊಟ್ಟು ಹೋದರು. ನದಿಯಾಚೆ ಬೆಂಗ್ರೆಯ ಶಹನಾಝ್ ಅಲ್ಲಿರುವ ತಮ್ಮನಿಗೆ ಸಿಗಡಿ ಚಟ್ನಿಪುಡಿ ಕಳಿಸಿದಳು. ಸುಹರಾ ಮಾಮಿ ಪಡೀಲಿನಿಂದ ಬಸ್ಸಿನಲ್ಲಿ ಬಂದು ಎರಡು ಕಿಲೋ ಹಲ್ವ ಇಟ್ಟರು. ಅದರ ಮೇಲೆ ಅವರ ಮಗ ಅರ್ಶದನ ಪಾಸ್‌ಪೋರ್ಟಿನ ಜೆರಾಕ್ಸ್! "ನೀನು ಹೋಗಿ ನೆಲೆ ಆದ ಕೂಡ್ಲೆ ಇವನಿಗೂ ಒಂದು ತೆಗಿ."

ನಾನು ಎಲ್ಲವನ್ನೂ ಎರಡು ಚೀಲದಲ್ಲಿ ತುಂಬಿಸಿಕೊಂಡು ಮನೆಮನೆಗೆ ವಾಪಸ್ ಕೊಡಲು ಹೊರಟೆ. ಉಮ್ಮ ಬಾಗಿಲಿಗೆ ಅಡ್ಡ ನಿಂತರು. "ಇಟ್ಟುಕೊಂಡರೆ ಎಂತ ಆಗ್ತದೆ? ಬಶೀರನೋ ಇನ್ನೊಬ್ಬನೋ ತೆಗೊಂಡು ಹೋಗ್ತಾನೆ." ನಾನು ಹೋಗದ ಊರಿಗೆ ಹಲ್ವ ತೆಗೆದುಕೊಳ್ಳುವುದು ಹೇಗೆ? ಬಗ್ಗಿ ಅವರ ಕೈಯ ಕೆಳಗಿನಿಂದ ದಾಟಿದೆ.

ಮಾಮಿಗೆ ಹೇಳಿದಾಗ ಮೊದಲು ನಂಬಲೇ ಇಲ್ಲ. "ಯಾರೂ ಕಳಿಸದೆ ವಿಸಾ ಬರ್ತದಾ ಮಾರಾಯ? ಅಲ್ಲಿ ಅದು ಮರದಲ್ಲಿ ಆಗ್ತದಾ?"

"ನಾನೇ ಅರ್ಜಿ ಹಾಕಿದ್ದು ಮಾಮಿ."

"ನಿನ್ನ ಧಣಿ ಎಲ್ಲಿ?"

"ಡೆನ್ಮಾರ್ಕಿನಲ್ಲಿ."

"ನೀನು ಹೋಗುವುದು?"

"ಮಲೇಷ್ಯಾಕ್ಕೆ."

"ಧಣಿ ಒಂದು ಕಡೆ, ಆಳು ಒಂದು ಕಡೆ. ಎಂತದ್ದೋ ಎಡವಟ್ಟು ಉಂಟು ಇದರಲ್ಲಿ. ಅರ್ಶದ್ ಬೇಡ, ಅವನು ಇಲ್ಲೇ ಇರ್ಲಿ" ಎಂದು ಜೆರಾಕ್ಸನ್ನು ಮಡಚಿ ಬ್ಲೌಸಿನೊಳಗೆ ಸೇರಿಸಿದರು.

ಶಹನಾಝ್ ಮಾತ್ರ ನಕ್ಕಳು. "ಇಷ್ಟು ಹೇಳ್ಲಿಕ್ಕೆ ದೋಣಿ ಹತ್ತಿ ಬಂದದ್ದಾ ನೀನು? ಫೋನ್ ಮಾಡಿದ್ರೆ ಸಾಕಿತ್ತಲ್ಲ." ಫೋನ್ ಮಾಡಿದರೆ ಚಟ್ನಿಪುಡಿ ನಮ್ಮಲ್ಲೇ ಉಳಿಯುತ್ತಿತ್ತು ಎಂದೆ. ಚಾ ಕೊಟ್ಟಳು. ಕುಡಿದು ಬಂದೆ. ಮರುದಿನ ಸುಮ್ಮನೆ ಮತ್ತೆ ದೋಣಿ ಹತ್ತಿ ಬೆಂಗ್ರೆಗೆ ಹೋದೆ, ದಡದಲ್ಲಿ ಇಳಿಯದೆ ಅದೇ ದೋಣಿಯಲ್ಲಿ ವಾಪಸ್ ಬಂದೆ. ಟಿಕೆಟ್ ಕೊಡುವವನು ನನ್ನನ್ನು ವಿಚಿತ್ರವಾಗಿ ನೋಡಿದ.

ಉಮ್ಮ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮೂರನೇ ದಿನ ಮೀನು ಬಡಿಸುವಾಗ, "ನೀನು ಸತ್ಯ ಹೇಳಿ ಹೇಳಿ ನನ್ನನ್ನು ಊರಿಗೇ ಸುಳ್ಳಿ ಮಾಡಿದಿ" ಎಂದರು. ಅರ್ಜಿ ತುಂಬಿಸುವಾಗಲೂ ಇದೇ ಜಗಳ ಆಗಿತ್ತು. ಒಬ್ಬ ಏಜೆಂಟ್ ನನಗೆ ಡಿಗ್ರಿ ಸರ್ಟಿಫಿಕೇಟ್ "ಮಾಡಿಸಿ" ಕೊಡುತ್ತೇನೆಂದ, ಉಮ್ಮ ಆಗಲಿ ಎಂದರು. ನಾನು ಬೇಡವೆಂದು, ಓದಿದ್ದು ಪಿಯುಸಿ ಅರ್ಧ ಎಂದೇ ಬರೆದು, ಮೂರು ವರ್ಷ ಮಾಡಿದ ಕೆಲಸದ ವಿಡಿಯೋಗಳನ್ನು ಜೊತೆಗಿಟ್ಟೆ. ಅದೇ ಪಾಸಾಯಿತು.

ಆದರೆ ಮೀನು ಬಡಿಸಿದ ಆ ದಿನ ಉಮ್ಮ ಕೇಳಿದ ಇನ್ನೊಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. "ಕೆಲಸ ಇಲ್ಲಿಂದಲೇ ಆಗ್ತದಲ್ಲ. ಯಾರೂ ಬಾ ಅಂತ ಕರೀಲಿಲ್ಲ, ಯಾರೂ ಹೋಗು ಅಂತ ಹೇಳ್ಲಿಲ್ಲ. ಮತ್ತೆ ಎಂತಕ್ಕೆ ಹೋಗುವುದು?"

ನಿಮಗೆ ಈ ಪ್ರಶ್ನೆ ಇರಲಿಲ್ಲ ಉಪ್ಪ. ನೀವು ಹೋಗಲೇಬೇಕಿತ್ತು, ಹೋದಿರಿ, ಇಪ್ಪತ್ತಾರು ವರ್ಷ. ನನಗೆ ಹೋಗಬೇಕಾದ ಕಾರಣ ಒಂದೂ ಇಲ್ಲ. ಅಲ್ಲಿಯೂ ಇದೇ ಲ್ಯಾಪ್‌ಟಾಪ್, ಇದೇ ಮಿಕ್ಸಿ ಮತ್ತು ಓವನ್‌ಗಳ ಜಾಹೀರಾತು. ಕಿಟಕಿಯ ಆಚೆ ಮಾತ್ರ ಬೇರೆ ಊರು. ಬೇರೆ ಊರು ನೋಡಬೇಕು, ಯಾರ ಮಗ ಎಂದು ಯಾರೂ ಕೇಳದ ರಸ್ತೆಯಲ್ಲಿ ನಡೆಯಬೇಕು ಎಂದೆ. ಅದು ನಿಜವೇ. ಉಮ್ಮ, "ಅಷ್ಟೇಯಾ?" ಎಂದರು. ನಾನು ಕೈ ತೊಳೆಯಲು ಎದ್ದುಬಿಟ್ಟೆ.

ಮನೆಯ ಸುದ್ದಿ ಇಷ್ಟೇ. ನೀವು ಬರುತ್ತೀರೆಂದು ಉಮ್ಮ ಮುಂದಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಅಳತೆಗೆಂದು ನಿಮ್ಮ ಹಳೆಯ ಅಂಗಿ ಒಯ್ದು ಎರಡು ಹೊಸತು ಹೊಲಿಸಿದ್ದಾರೆ. ಆ ಅಂಗಿ ಆರು ವರ್ಷದ ಹಿಂದಿನದು, ಈಗ ಸರಿಯಾಗಲಿಕ್ಕಿಲ್ಲ ಎಂದು ನಾನು ಹೇಳಲು ಹೋಗಿ, ಮೊದಲ ಸಲ ಬಾಯಿ ಮುಚ್ಚಿಕೊಂಡೆ.

ಅಲ್ಲಾಹು ನಿಮಗೆ ಸುಖದ ಪ್ರಯಾಣ ಕೊಡಲಿ, ಮೊಣಕಾಲಿಗೆ ಬಲ ಕೊಡಲಿ. ನಮಾಝಿನ ನಂತರದ ನಿಮ್ಮ ದುಆದಲ್ಲಿ ನನ್ನ ಹೆಸರೂ ಇರಲಿ.

ನಿಮ್ಮ
ಹಿಶಾಮ್

ಮರೆತದ್ದಲ್ಲ, ಮುಂದೆ ಹಾಕಿದ್ದು: ವಿಸಾದಲ್ಲಿ ನಾಲ್ಕನೇ ತಾರೀಖು ಎಂದು ಎಲ್ಲೂ ಇಲ್ಲ. ಜನವರಿಯವರೆಗೆ ಯಾವಾಗ ಬೇಕಾದರೂ ಹೋಗಬಹುದು. ನೀವು ಬರುವ ದಿನ ಗೊತ್ತಾದ ಮೇಲೆಯೇ, ಅದಕ್ಕಿಂತ ಎಂಟು ದಿನ ಮೊದಲಿನ ಟಿಕೆಟ್ ತೆಗೆದೆ. ನಿಮಗೆ ಹೇಳಿದ್ದು ಸುಳ್ಳು.

ಕಳೆದ ರಜೆಯಲ್ಲಿ ಉಮ್ಮ ಮದುವೆಗೆ ಹೋಗಿ ಒಂದು ಮಧ್ಯಾಹ್ನ ನಾವಿಬ್ಬರೇ ಮನೆಯಲ್ಲಿದ್ದೆವು, ನೆನಪಿದೆಯೇ? ತುಂಬ ಹೊತ್ತು ಎದುರುಬದುರು ಕೂತಿದ್ದೆವು. ಫ್ಯಾನ್ ತಿರುಗುತ್ತಿತ್ತು. ನೀವು "ಕರೆಂಟ್ ಉಂಟಲ್ಲ?" ಎಂದು ಕೇಳಿದಿರಿ. ಉಂಟು ಎಂದೆ. ಆಮೇಲೆ ನೀವು ಬಾಂಗಿಗೆ ಒಂದು ಗಂಟೆ ಇರುವಾಗಲೇ ಎದ್ದು ಮಸೀದಿಗೆ ಹೋದಿರಿ. ನನಗೆ ಹಗುರವಾಯಿತು. ನಿಮಗೂ ಆಗಿರಬೇಕು. ಎರಡು ವರ್ಷಕ್ಕೊಮ್ಮೆ ಬರುವ ನಿಮ್ಮ ಎದುರು ನಲವತ್ತು ದಿನ ಒಳ್ಳೆಯ ಮಗನಾಗಿರುವುದು ನನಗೆ ಗೊತ್ತು. ನಲವತ್ತೊಂದನೇ ದಿನ ಹೇಗಿರಬೇಕೆಂದು ಗೊತ್ತಿಲ್ಲ. ಆ ಹೆದರಿಕೆಗೆ ಓಡುತ್ತಿದ್ದೇನೆ.

ನಾನು ಕಾಲೇಜು ಬಿಟ್ಟ ದಿನವೂ ನೀವು ಫೋನಿನಲ್ಲಿ "ಊಟ ಆಯ್ತಾ?" ಎಂದಷ್ಟೇ ಕೇಳಿದ್ದಿರಿ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನನಗೆ ಬೈದಿಲ್ಲ. ನೆಂಟರ ಮಕ್ಕಳಿಗೆ ಯಾರೂ ಬೈಯುವುದಿಲ್ಲವಲ್ಲ, ಹಾಗೆ.

ಈಗ ನಿಮಗೆ ಸುಳ್ಳು ಹೇಳಿದ್ದೇನೆ. ಉಮ್ಮನ ಫೋನಿಗೆ ಬೇಡ, ನನ್ನ ಫೋನಿಗೆ ಕರೆ ಮಾಡಿ, ಬೈಯಿರಿ. ನೀವು ಬೈದ ದಿನವೇ ಟಿಕೆಟ್ ಬದಲಾಯಿಸುತ್ತೇನೆ.