ಅಂಟಿಗೆ ಕೊಟ್ಟ ಹತ್ತು ದಿನ

ಗದಗ
ಇಸವಿ ೨೧೮೭, ಫೆಬ್ರವರಿ ೩೦

ಒಂದೂವರೆ ಶತಮಾನದ ಹಿಂದೆ ಕುಳಿತು ವೈದ್ಯಕೀಯ ಸಾಧನಗಳ ವೇಳಾಪಟ್ಟಿ ಬರೆಯುತ್ತಿರುವ ನಿಮಗೆ, ದ್ರಾಕ್ಷಾಯಣಿ ಕಮ್ಮಾರಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನೂ ನಿಮ್ಮಂತೆ ವೇಳಾಪಟ್ಟಿ ಬರೆಯುವವಳೇ. ನಮ್ಮ ಕಾರ್ಖಾನೆಯಲ್ಲಿ ‘ಉಸಿರುಗೂಡು’ ತಯಾರಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಶ್ವಾಸಕೋಶ ಬಲಿಯುವವರೆಗೆ ಆ ಗೂಡೇ ಅದನ್ನು ಉಸಿರಾಡಿಸುತ್ತದೆ.

ನಮ್ಮಲ್ಲೊಂದು ಪದ್ಧತಿಯಿದೆ. ಪಟ್ಟಿ ಬರೆಯುವ ಮುನ್ನ ಜಮಖಾನೆ ಹಾಸಿ ಎಲ್ಲರನ್ನೂ ಕೂರಿಸಿ, ಅವರವರ ಕೆಲಸದಲ್ಲಿ ಏನು ಕೆಡಬಹುದು, ಸರಿಪಡಿಸಲು ಎಷ್ಟು ದಿನ ಬೇಕು ಎಂದು ಕೇಳುತ್ತೇವೆ. ಮಂಡಕ್ಕಿ, ಮಿರ್ಚಿ, ಚಹಾ ಮುಗಿಯುವ ಹೊತ್ತಿಗೆ ಎಲ್ಲರ ಅಂಜಿಕೆಯೂ ಹೊರಬಂದಿರುತ್ತದೆ. ಅವರು ಹೇಳಿದಷ್ಟನ್ನು ‘ಕಾಣದ ದಿನ’ ಎಂದು ಪಟ್ಟಿಯಲ್ಲಿ ಖಾಲಿ ಬಿಡಬೇಕು. ಮೂರು ವರ್ಷ ಆ ದಿನಗಳು ಬಳಕೆಯಾಗದೆ ಉಳಿದವು. ನನಗೆ ಸೊಕ್ಕು ಬಂತು.

ಆ ಸಲ ನಮ್ಮೂರಿನ ಆಸ್ಪತ್ರೆಗೇ ಮೊದಲ ಉಸಿರುಗೂಡು ಕೊಡುವುದಿತ್ತು. ತಂಗಿ ಪಾರವ್ವ ಬಸುರಿ. ಹೆರಿಗೆ ಬೇಗ ಆಗಬಹುದು, ಗೂಡಿರುವ ಹುಬ್ಬಳ್ಳಿಗೆ ಹೋಗಿ ಇರಲಿ ಎಂದು ವೈದ್ಯರು ಹೇಳಿದ್ದರು. ಗೂಡು ಇಲ್ಲಿಗೇ ಬರುತ್ತದೆ, ನಾನಿದ್ದೇನೆ ಎಂದು ಅವಳನ್ನು ನಿಲ್ಲಿಸಿಕೊಂಡವಳು ನಾನು. ಗೂಡಿನ ಭಾಗಗಳನ್ನು ಜೋಡಿಸುವ ಅಂಟನ್ನು ಪರೀಕ್ಷಿಸುವ ಇಮಾಮಸಾಬರು ನಲವತ್ತು ಕಾಣದ ದಿನ ಕೇಳಿದರು. ‘ಅಂಟು ಹೊಸಾದೈತಿ ಅವ್ವಾ, ಅದರ ಗುಣ ಇನ್ನೂ ನನಗ ತಿಳದಿಲ್ಲ’ ಎಂದರು. ಮುದುಕರಿಗೆ ಎಲ್ಲಕ್ಕೂ ಭಯ ಎಂದುಕೊಂಡು ನಾನು ಹತ್ತು ಬರೆದೆ.

ಅಂಟು ಬಿರುಕು ಬಿಟ್ಟಿತು. ಬೇರೆ ಅಂಟು ಹಚ್ಚಿ ಪರೀಕ್ಷೆ ಮುಗಿಸಲು ನಲವತ್ತು ದಿನವೇ ಬೇಕಾಯಿತು. ಹೇಗಾದರೂ ಹೊಂದಿಸುತ್ತೇನೆ ಎಂಬ ಹುಂಬತನದಲ್ಲಿ ನಾನು ಆಸ್ಪತ್ರೆಗೂ ತಿಳಿಸಲಿಲ್ಲ, ಮನೆಯಲ್ಲೂ ಬಾಯಿ ಬಿಡಲಿಲ್ಲ. ಆ ನಲವತ್ತರಲ್ಲಿ ಇಪ್ಪತ್ತೆರಡನೆಯ ದಿನ, ಗೂಡು ಇನ್ನೂ ಕಾರ್ಖಾನೆಯಲ್ಲೇ ಇರುವಾಗ, ಪಾರವ್ವನಿಗೆ ನೋವು ಬಂತು. ಹೆಣ್ಣು ಕೂಸು, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಹುಬ್ಬಳ್ಳಿಗೆ ಒಯ್ಯುವಾಗ ಅಣ್ಣಿಗೇರಿ ದಾಟುವಷ್ಟರಲ್ಲಿ ಹೋಯಿತು.

ಇಮಾಮಸಾಬರು ಮರುದಿನವೂ ಬಂದು ಉಳಿದ ಪರೀಕ್ಷೆಗೆ ಕೂತರು. ಬೈದಿದ್ದರೆ ಒಳ್ಳೆಯದಿತ್ತು.

ನಿಮ್ಮಲ್ಲಿ ಒಂದೇ ಬೇಡಿಕೆ. ಕೆಲಸ ತಡವಾಗುತ್ತದೆ, ನಿಮ್ಮ ಕಾಲದಲ್ಲೂ ಆಗುತ್ತದೆ. ಅದಕ್ಕೆಂದು ದಿನ ಬಿಡಿ. ಬಿಟ್ಟದ್ದು ಸಾಲದೆಂದು ಗೊತ್ತಾದ ಗಳಿಗೆಯಲ್ಲೇ, ಕಾಯುತ್ತಿರುವವರಿಗೆ ತಿಳಿಸಿ. ಮೊನ್ನೆ ಪಾರವ್ವ ರೊಟ್ಟಿ ಬಡಿಯುತ್ತಾ, ನನ್ನ ಮುಖ ನೋಡದೆ ಕೇಳಿದಳು:

‘ತಡ ಆಗತೈತಿ ಅಂತ ನನಗರ ಒಂದ್ ಮಾತ್ ಹೇಳಬಾರದಿತ್ತೇನ, ಅಕ್ಕಾ?’