ತೇಪೆ ಇಲ್ಲದ ಅಂಗಿ

ತಾರೀಕು ಹನ್ನೆರಡು, ಮಂಗಳವಾರ

ಅಣ್ಣನನ್ನು ಮಣ್ಣು ಮಾಡಿ ಬಂದೆವು. ತನ್ನ ಬಸ್ಸಿನಲ್ಲಿ ಅವರ ಮದ್ದುಗುಂಡು ಒಯ್ಯುವುದಿಲ್ಲ ಎಂದಿದ್ದಕ್ಕೆ ನಿನ್ನೆ ನಿಲ್ದಾಣದಲ್ಲೇ ಕೊಂದರು. ಕೊಂದದ್ದು ಸೈನ್ಯವಲ್ಲ, ಸೈನ್ಯದ ವಿರುದ್ಧ ಬಂದೂಕು ಹಿಡಿದ ನಮ್ಮ ಬೆಟ್ಟದ ಹುಡುಗರು.

ಅವರ ಹರಿದ ಅಂಗಿಗಳಿಗೆಲ್ಲ ತೇಪೆ ಹಾಕಿದವಳು ನಾನು. ಹಿಂಬಾಗಿಲಿಗೆ ಬಂದು, ಬೂಟು ಕಳಚಿ ಊಟಕ್ಕೆ ಕೂರುತ್ತಿದ್ದರು. ಗುಂಗುರು ಕೂದಲಿನವನಿಗೆ ಕುರಿಮರಿ ಎಂದು ಹೆಸರಿಟ್ಟಿದ್ದೆವು. "ಅಕ್ಕಾ, ನೀವು ಬಾಗಿಲು ಹಾಕಿದ್ರೆ ನಮ್ಮ ಹೊಟ್ಟೆಗೆ ತಣ್ಣೀರು ಬಟ್ಟೆನೇ ಗತಿ" ಎಂದು ನಗುತ್ತಿದ್ದ. ಜೊತೆಯವನೊಬ್ಬ ಕೋಳಿ ಕದ್ದಾಗ ಇವನೇ ಕಿವಿ ಹಿಂಡಿ ಕರೆತಂದು ಅಮ್ಮನ ಕಾಲು ಹಿಡಿಸಿದ್ದ.

ಆಮೇಲೆ ಗಡಿಯಾಚೆಯಿಂದ ಅವರಿಗೆ ಬಂದೂಕು, ಬಟ್ಟೆ, ಊಟ ಎಲ್ಲ ಬರತೊಡಗಿತು. ನನ್ನ ಬಳಿಗೆ ಅಂಗಿಗಳು ಬರುವುದು ನಿಂತಿತು. ಪೀಡೆ ತೊಲಗಿತೆಂದು ನಾನು ನೆಮ್ಮದಿಪಟ್ಟೆ.

ಸಂಜೆ ಅತ್ತಿಗೆ ಕೇಳಿದಳು: "ಹೊಳೆಯಾಚೆ ಬಂದೂಕು ಹಿಡಿದಿರೋ ಇನ್ನೊಂದು ಗುಂಪಿನವ್ರು ಊರವರನ್ನ ಮುಟ್ಟಲ್ವಂತೆ. ಅವ್ರು ಅಷ್ಟು ಒಳ್ಳೆಯವ್ರಾ?"

"ಒಳ್ಳೆಯವ್ರೇನಲ್ಲ ಕಣಮ್ಮಾ" ಎಂದಳು ಅಮ್ಮ. "ಅವ್ರಿಗಿನ್ನೂ ಊರಿನ ಅನ್ನ ಬೇಕು. ನಮ್ಮೋರಿಗೆ ಬೇಡವಾಯ್ತು."

ನಿಲ್ದಾಣದಲ್ಲಿ ಬಂದೂಕು ಹಿಡಿದವನು ಕುರಿಮರಿಯೇ. ಹೊಸ ಅಂಗಿ, ಹೊಸ ಬೂಟು. ಅವನ ಮೈಮೇಲೆ ನನ್ನ ಒಂದು ಹೊಲಿಗೆಯೂ ಇರಲಿಲ್ಲ. ಅಣ್ಣನ ಪಕ್ಕದಲ್ಲೇ ಇದ್ದ ನನ್ನನ್ನು ಅಕ್ಕ ಎನ್ನಲಿಲ್ಲ. "ಏಯ್, ಪಕ್ಕಕ್ಕೆ ಹೋಗು" ಎಂದ.

ಅವನ ಹಳೆಯ ಅಂಗಿಯೊಂದು ಇನ್ನೂ ಮೆಷಿನ್ ಪಕ್ಕದಲ್ಲೇ ಇದೆ. ಒಂದು ತೋಳು ಹೊಲಿದು ಮುಗಿಸಿದ್ದೆ. ಇನ್ನೊಂದು ಹರಿದೇ ಇದೆ.